ಡೈರಿ ತಾರಸಿಯ ಗಾಳಿ ಮೆಶಿನ್ನು

ಪಿಳ್ಳಪ್ಪನ ಹುಳದ ಮನೆಗೆ ಕಾಲಿಡಬೇಕಾದರೆ ಯಾರೇ ಆಗಲಿ ಚಪ್ಪಲಿ ಆಚೆ ಬಿಡಬೇಕು, ಬಾಗಿಲಲ್ಲಿ ಹರಡಿರೋ ಸುಣ್ಣದ ಪುಡಿ ತುಳಿಯಬೇಕು, ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಎರಡೂ ಕೈ ಅದ್ದಬೇಕು. ಪಂಚಾಯ್ತಿ ಅಧ್ಯಕ್ಷರು ಒಂದು ಸಲ ಬೂಟುಕಾಲಲ್ಲಿ ನುಗ್ಗಿದಾಗ, “ಸ್ವಾಮಿ, ನಿಮಗೆ ಓಟು ಕೊಟ್ಟಿದೀನಿ, ಹುಳ ಕೊಟ್ಟಿಲ್ಲ, ಆಚೆ ನಡೀರಿ” ಅಂದವನು. ನಲವತ್ತು ವರ್ಷ ರೇಷ್ಮೆ ಹುಳ ಸಾಕಿದ ಕೈ ಅದು. ಉಗುರಿನ ಸಂದಿಯಲ್ಲಿ ಮಣ್ಣು ಕಂಡರೆ ಅವನಿಗೆ ಊಟ ಸೇರುವುದಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಬಂದು ಕೂತರೆ ಪಾಯಸಕ್ಕಿಂತ ಮುಂಚೆ ಬ್ಲೀಚಿಂಗ್ ವಾಸನೆ ಬರುತ್ತೆ. “ಆಸ್ಪತ್ರೆ ಬಂತು, ಜರುಗ್ರಲೋ” ಅಂತ ಹುಡುಗರು ರೇಗಿಸುತ್ತಾರೆ. ಅವನು ತಲೆ ಕೆಡಿಸಿಕೊಳ್ಳುವುದಿಲ್ಲ.

ಈ ಶುಚಿಯೇ ಅವನನ್ನು ಹಾಳು ಮಾಡಿತು. ಅವನ ಜೊತೆ ನಮ್ಮನ್ನೂ.

ನಮ್ಮೂರು ಗೌಡನಕಟ್ಟೆ. ದೊಡ್ಡಬಳ್ಳಾಪುರದಿಂದ ಮಧುರೆ ಕಡೆ ಹೋಗುವಾಗ ಎಡಕ್ಕೆ ತಿರುಗಬೇಕು. ಊರಿನ ಮೂಡಲಿಗೆ ಕೆರೆ ಏರಿ, ಏರಿಯಾಚೆ ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೆ. ಬಣ್ಣ ಹಾಕಬೇಕಾದರೆ ಕುದಿನೀರು ಬೇಕು, ಆವಿ ಬೇಕು, ಅದಕ್ಕೆ ಬಾಯ್ಲರ್ ಉರೀಬೇಕು. ಬಾಯ್ಲರಿಗೆ ಸೌದೆ ಹಾಕ್ತೀವಿ ಅಂತ ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ಒಲೆಗೆ ಹೋಗೋದು ಚಿಂದಿ ಬಟ್ಟೆ, ಪ್ಲಾಸ್ಟಿಕ್ ಚೀಲ, ಟೈರಿನ ಚೂರು. ಲಾರಿ ಇಳಿಸೋ ಕೂಲಿಯವರು ನಮ್ಮೂರವರೇ, ನಮಗೆ ಗೊತ್ತಿರಲ್ವಾ? ಬೆಳಕು ಹರಿಯೋ ಹೊತ್ತಿಗೆ ಚಿಮಣಿ ಬಾಯಿ ಬಿಡುತ್ತೆ. ಮೂಡಗಾಳಿ ಅದನ್ನೆಲ್ಲ ಹೊತ್ತುಕೊಂಡು ಬಂದು ನಮ್ಮ ಹಿಪ್ಪುನೇರಳೆ ತೋಟದ ಮೇಲೆ ಸುರಿಯುತ್ತೆ. ಏಳು ಗಂಟೆಗೆ ತೋಟಕ್ಕೆ ಹೋಗಿ ಎಲೆ ಮೇಲೆ ಬೆರಳಾಡಿಸಿ ನೋಡಿ, ಕಾಡಿಗೆ ಹಚ್ಚಿದ ಹಾಗೆ ಬರುತ್ತೆ.

ಮಸಿ ಬಿದ್ದ ಸೊಪ್ಪನ್ನು ಹುಳ ಮೂಸಿಯೂ ನೋಡಲ್ಲ. ತಿಂದರೆ ಸಪ್ಪೆ ರೋಗ ಬಂದು ಮೆತ್ತಗಾಗಿ ಸಾಯುತ್ತೆ. ತೊಳೆದು ಹಾಕೋಣ ಅಂದರೆ ಒದ್ದೆ ಸೊಪ್ಪು ಹುಳಕ್ಕೆ ಆಗದು. ಒಣಗಿಸಿ ಹಾಕೋಣ ಅಂದರೆ ಅಷ್ಟರಲ್ಲಿ ಸೊಪ್ಪು ಬಾಡಿರುತ್ತೆ. ಉಳಿದಿದ್ದು ಒಂದೇ ದಾರಿ, ಎಲೆ ಎಲೆಯನ್ನೂ ಬಟ್ಟೆಯಲ್ಲಿ ಒರೆಸೋದು. ಊರಲ್ಲಿ ಮಿಕ್ಕವರೆಲ್ಲ ಹುಳ ಬಿಟ್ಟು ಹಸು ಕಟ್ಟಿದರು. ಪಿಳ್ಳಪ್ಪ ಬಿಡಲಿಲ್ಲ. ಒರೆಸೋ ಕೆಲಸ ಅವನ ಹೆಂಡತಿ ಸೊಣ್ಣಮ್ಮನ ಪಾಲಿಗೆ ಬಂತು. ಐದು ವರ್ಷ, ವರ್ಷಕ್ಕೆ ಐದಾರು ಬೆಳೆ, ಆ ಹೆಂಗಸು ಮುಂಜಾನೆ ಜಗಲಿ ಮೇಲೆ ಕೂತು ಹಳೇ ಪಂಚೆ ತುಂಡಲ್ಲಿ ಎಲೆ ಒರೆಸಿದ್ದಾಳೆ. ಒರೆಸಿದಷ್ಟೂ ಪುಡಿ ಎದ್ದು ಮೂಗಿಗೆ ಹೋಗಿದೆ.

ಈಗ ಅವಳಿಗೆ ದಮ್ಮು. ಬಾವಿಯಿಂದ ಹಗ್ಗ ಎಳೆದ ಹಾಗೆ ಉಸಿರು ಎಳೀತಾಳೆ. ದೊಡ್ಡಬಳ್ಳಾಪುರದ ಡಾಕ್ಟರು ಎದೆ ಮೇಲೆ ಕೊಳವೆ ಇಟ್ಟು, “ಏನಮ್ಮಾ, ಬೀಡಿ ಗೀಡಿ ಸೇದ್ತೀರಾ?” ಅಂತ ಕೇಳಿದರಂತೆ.

“ನಾನ್ಯಾಕೆ ಸ್ವಾಮಿ ಸೇದ್ಲಿ? ನನ್ನ ಪಾಲಿಂದೂ ಸೇರಿಸಿ ಕಾರ್ಖಾನೆಯವ್ರೇ ಸೇದ್ತಾರೆ” ಅಂದಳಂತೆ ಸೊಣ್ಣಮ್ಮ.

ಡಾಕ್ಟರು ಎಳೆದುಕೊಳ್ಳೋ ಪಂಪು ಬರೆದುಕೊಟ್ಟು, ಹೊಗೆ ಇರೋ ಕಡೆ ಇರಬೇಡಿ ಅಂದರು. ಎಲ್ಲಿಗೆ ಹೋಗೋದು ಅಂತ ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಾರ್ಖಾನೆ ಗೇಟಿನ ಮುಂದೆ ನಮ್ಮ ರೈತ ಸಂಘದವರು ಹನ್ನೊಂದು ದಿನ ಕೂತಿದ್ದೆವು. ಶಾಮಿಯಾನ, ಮೈಕು, ಮಧ್ಯಾಹ್ನಕ್ಕೆ ಚಿತ್ರಾನ್ನ. ಪಿಳ್ಳಪ್ಪ ದಿನಾ ಬಂದು ಚಾಪೆ ಕೊಡವಿ, ಶಾಮಿಯಾನದ ಕೆಳಗೆ ಗುಡಿಸಿ, ಆಮೇಲೆ ಕೂರುತ್ತಿದ್ದ. ಹನ್ನೆರಡನೇ ದಿನ ಅಧಿಕಾರಿಗಳು ಬಂದರು. ಕಾರ್ಖಾನೆ ಮುಚ್ಚೋಕಾಗಲ್ಲ, ಆದರೆ ಹೊಸ ಯೋಜನೆ ಬಂದಿದೆ ಅಂದರು. ಯೋಜನೆ ಕೇಳೋಕೆ ಚೆನ್ನಾಗಿತ್ತು. ಬಾಯ್ಲರ್ ಇಟ್ಟಿರೋ ಪ್ರತಿ ಕಾರ್ಖಾನೆ ಅದರ ಗಾತ್ರಕ್ಕೆ ತಕ್ಕ ಹಾಗೆ ವರ್ಷಾ ವರ್ಷ ಶುಲ್ಕ ಕಟ್ಟಬೇಕು. ಆ ದುಡ್ಡು ಬೇರೆಲ್ಲಿಗೂ ಹೋಗದೆ ಜಿಲ್ಲೆಯ ಗಾಳಿ ನಿಧಿಗೆ ಸೇರುತ್ತೆ. ಆ ನಿಧಿಯಿಂದಲೇ ಊರೂರಲ್ಲಿ ಗಾಳಿ ಅಳೆಯೋದು. ಗಾಳಿಯಲ್ಲಿರೋ ಮಸಿಯ ಅಂಕಿ ಮೂರು ತಿಂಗಳ ಸರಾಸರಿಯಲ್ಲಿ ನೂರು ದಾಟಿದ ಊರಿನ ಪಕ್ಕದ ಕಾರ್ಖಾನೆಗೆ ಶುಲ್ಕ ದುಪ್ಪಟ್ಟು, ಮೇಲೆ ನಿಧಿಯವರೇ ನಿಂತು ಚಿಮಣಿಗೆ ಮಸಿ ಹಿಡಿಯೋ ಫಿಲ್ಟರ್ ಹಾಕಿಸ್ತಾರೆ. ದಾಟದಿದ್ದರೆ ಶುಲ್ಕದಲ್ಲಿ ರಿಯಾಯಿತಿ.

ನಾವು ಗೆದ್ದೆವು ಅಂದುಕೊಂಡೆವು. ಸುಳ್ಳು ಯಾಕೆ ಹೇಳಲಿ, ಮೈಸೂರುಪಾಕು ಹಂಚಿದೆವು. ನೂರು ದಾಟದೆ ಇರುತ್ತಾ? ನಮ್ಮೂರ ಬಿಳಿ ಕೋಳಿ ಸಾಯಂಕಾಲಕ್ಕೆ ಬೂದುಕೋಳಿ ಆಗಿರುತ್ತೆ. ಇನ್ನು ಅಳೆಯೋದೊಂದೇ ಬಾಕಿ.

ಮನೆಗೆ ಬಂದ ಪಿಳ್ಳಪ್ಪ ಸೊಣ್ಣಮ್ಮನಿಗೆ ಹೇಳಿದ ಮಾತು ಬೀದಿಗೆಲ್ಲ ಕೇಳಿಸಿತ್ತು. “ಲೇ ಸೊಣ್ಣಿ, ಮಳೆಗಾಲಕ್ಕೆ ಮುಂಚೆ ಚಿಮಣಿಗೆ ಫಿಲ್ಟರ್ ಬರ್ತೈತೆ. ಆಮ್ಯಾಕೆ ನೀನು ಎಲೆ ಒರೆಸಂಗಿಲ್ಲ, ಬರೀ ಕೊಯ್ದು ಹಾಕದು.”

“ಬರ್ಲಿ ಬುಡು, ಬಂದಾಗ ನಂಬ್ತೀನಿ” ಅಂದಳು ಅವಳು.

ಮೆಶಿನ್ನು ಬಂದಿದ್ದು ಫೆಬ್ರವರಿ ಮೊದಲ ವಾರ. ಊರಲ್ಲಿ ಎತ್ತರದ ತಾರಸಿ ಅಂದರೆ ಹಾಲಿನ ಡೈರಿಯದು, ಅಲ್ಲೇ ಇಟ್ಟರು. ನೋಡೋಕೆ ಪಾರಿವಾಳದ ಗೂಡಿನ ಥರ, ಮೇಲೆ ಇಳಿಜಾರು ತಗಡು, ಒಳಗೊಂದು ಮೋಟರು. ಗಾಳಿ ಎಳೆದುಕೊಂಡು ಬಿಳೀ ಕಾಗದದ ಮೂಲಕ ಬಿಡುತ್ತೆ. ಕಾಗದದ ಮೇಲೆ ಎಷ್ಟು ಮಸಿ ಕೂತಿದೆ ಅಂತ ಆಮೇಲೆ ತೂಕ ಹಾಕೋದು. ವಾರಕ್ಕೆ ಎರಡು ದಿನ ಓಡಿಸಬೇಕು, ಕಾಗದ ಬದಲಾಯಿಸಬೇಕು, ಲಕೋಟೆಗೆ ಹಾಕಿ ಬೆಂಗಳೂರಿನ ಲ್ಯಾಬಿಗೆ ಕಳಿಸಬೇಕು. ಅದಕ್ಕೊಬ್ಬ ಊರಿನವನು ಬೇಕು, ಅವನ ಸಂಬಳ ಗಾಳಿ ನಿಧಿಯಿಂದ.

ಪಿಳ್ಳಪ್ಪನ ಹೆಸರು ಕೊಟ್ಟವರು ನಾವೇ. ಕುಡಿಯಲ್ಲ, ಸುಳ್ಳು ಹೇಳಲ್ಲ, ಏಳನೇ ಕ್ಲಾಸು ಓದಿದ್ದಾನೆ, ಕೋಳಿಗಿಂತ ಮುಂಚೆ ಏಳ್ತಾನೆ. ಕಾರ್ಖಾನೆಯವರು ಕಾಸು ತೋರಿಸಿದರೆ ಮುಖಕ್ಕೆ ಉಗಿದು ಬರೋ ಪೈಕಿ. ನಮಗಿದ್ದ ಭಯ ಅದೊಂದೇ, ಕಾಸಿನ ಭಯ.

ಕಲಿಸೋಕೆ ಲ್ಯಾಬಿನಿಂದ ಸಂಘಮಿತ್ರ ಅನ್ನೋ ಹುಡುಗಿ ಬಂದಿದ್ದಳು. ಇನ್ನೂ ಮೂವತ್ತು ಆಗಿರಲಿಲ್ಲ, ಕೆಲಸ ಗೊತ್ತಿದ್ದವಳು. ಆದರೆ ಅವತ್ತೇ ಇನ್ನೂ ನಾಲ್ಕು ಊರು ಮುಗಿಸಬೇಕಿತ್ತು. ಅರ್ಧ ಗಂಟೆಯಲ್ಲಿ ಎಲ್ಲ ಹೇಳಿದಳು.

“ಯಜಮಾನ್ರೇ, ಪೇಪರ್‌ಗೆ ಬರಿಗೈ ಮುಟ್ಟಿಸ್ಬೇಡಿ. ಹಾಕುವಾಗ ತೆಗೆಯುವಾಗ ಹುಷಾರು. ಮೆಶಿನ್ ಕ್ಲೀನಾಗಿರ್ಬೇಕು.”

“ಕ್ಲೀನ್ ವಿಚಾರ ನಂಗೆ ಬಿಡು ಕಣಮ್ಮಣ್ಣಿ. ಹುಳ ಸಾಕ್ದೋನು ನಾನು.”

ಆ ಹುಡುಗಿ ನಕ್ಕು, “ಹಾಗಾದ್ರೆ ನಂಗೆ ಚಿಂತೆನೇ ಇಲ್ಲ” ಅಂದು ಜೀಪು ಹತ್ತಿದಳು. ಹದಿನೈದು ದಿನಕ್ಕೊಮ್ಮೆ ಬಂದು ಮೆಶಿನ್ನು ನೋಡಬೇಕು ಅಂತ ನಿಯಮ ಇತ್ತು. ಜೀಪಿನ ಡೀಸೆಲ್ಲಿಗೆ ನಿಧಿಯಿಂದ ದುಡ್ಡು ಬಿಡುಗಡೆ ಆಗಲಿಲ್ಲ, ಅವಳು ಬರಲಿಲ್ಲ. ಲಕೋಟೆಗಳು ಬಸ್ಸಿನಲ್ಲಿ ಹೋಗುತ್ತಿದ್ದವು.

ಮೊದಲ ವಾರದಲ್ಲೇ ಪಿಳ್ಳಪ್ಪನಿಗೆ ಕಾಗೆಗಳ ಕಾಟ. ತಗಡಿನ ಮೇಲೆ ಕೂತು ಹೇತು ಹೋಗೋವು. ನೊಣ ಒಳಗೆ ನುಗ್ಗಿ ಬಿಳೀ ಕಾಗದಕ್ಕೆ ಅಂಟಿಕೊಂಡು ಸತ್ತಿರೋವು. ಅವನಿಗೆ ಹೇಸಿಗೆ ಅನ್ನಿಸಿತು. ಹುಳದ ಮನೆಯ ಕಿಟಕಿಗೆ ಕಟ್ಟೋ ನೈಲಾನ್ ಬಲೆ ತಂದ. ಊಜಿ ನೊಣ ಬಂದು ಹುಳದ ಮೈಮೇಲೆ ಮೊಟ್ಟೆ ಇಡಬಾರದು ಅಂತ ಕಟ್ಟೋ ಬಲೆ ಅದು, ನಮ್ಮ ಕಡೆ ಹುಳ ಸಾಕೋ ಮನೆಗಳಲ್ಲೆಲ್ಲ ಇರುತ್ತೆ. ಮೆಶಿನ್ನಿನ ಸುತ್ತ ಅದನ್ನು ನೀಟಾಗಿ ಕಟ್ಟಿದ. ಅದರಿಂದ ಏನೂ ಕೆಡಲಿಲ್ಲ. ಮಸಿಗೆ ಆ ಬಲೆ ಯಾವ ಲೆಕ್ಕ? ಫೆಬ್ರವರಿಯ ಅಂಕಿ ನೂರ ಮೂವತ್ತರ ಮೇಲೇ ಬಂದಿತ್ತು ಅಂತ ಆಮೇಲೆ ಗೊತ್ತಾಯಿತು.

ಮಾರ್ಚಿನಲ್ಲಿ ಬಿಸಿಲು ಏರಿತು. ತಾರಸಿ ಮೇಲೆ ಬರಿಗಾಲಿಡೋಕೆ ಆಗದು. ಮೋಟರು ಕಾದು ಕಾದು ಎರಡು ಸಲ ನಿಂತೇಹೋಯಿತು. ಪಿಳ್ಳಪ್ಪ ಲ್ಯಾಬಿಗೆ ಫೋನು ಮಾಡಿದ. ಎತ್ತಿದ ಹುಡುಗ ಯಾರೋ, “ವೋಲ್ಟೇಜ್ ಇರ್ಬೇಕು ಅಂಕಲ್, ನೋಡಿ ಅಡ್ಜಸ್ಟ್ ಮಾಡ್ಕೊಳಿ” ಅಂದ. ಇನ್ನೊಂದು ಸಲ ನಿಂತರೆ ಆ ದಿನದ ಲೆಕ್ಕ ಹೋಯಿತು, ಲೆಕ್ಕ ತಪ್ಪಿದರೆ ಮೂರು ತಿಂಗಳ ಸರಾಸರಿಯೇ ಒಪ್ಪಲ್ಲ ಅಂತ ಮೊದಲೇ ಹೇಳಿದ್ದರು. ಪಿಳ್ಳಪ್ಪನಿಗೆ ಹೆದರಿಕೆ ಹತ್ತಿತು. ಅವನ ಕಣ್ಣಿಗೆ ಆಗ ಅದು ಮೆಶಿನ್ನಲ್ಲ. ನಾಲ್ಕನೇ ಜ್ವರ ಮುಗಿಸಿ, ಕೊನೇ ಪೊರೆ ಕಳಚಿ ಎದ್ದ ಹುಳ. ಇನ್ನೇನು ಗೂಡು ಕಟ್ಟಬೇಕು, ಅಷ್ಟರಲ್ಲಿ ಬೇಗೆಗೆ ಸಾಯ್ತಿದೆ.

ಬೇಗೆಗೆ ಹುಳದ ಮನೆಯಲ್ಲಿ ಏನು ಮಾಡುತ್ತೇವೆ? ಕಿಟಕಿಗೆ ಗೋಣಿ ತಾಟು ಇಳಿಬಿಟ್ಟು ಅದಕ್ಕೆ ನೀರು ಚಿಮುಕಿಸುತ್ತೇವೆ. ಗಾಳಿ ಅದರ ಮೂಲಕ ತಣ್ಣಗಾಗಿ ಬರುತ್ತೆ. ನಮ್ಮಪ್ಪ ಮಾಡ್ತಿದ್ದ, ಅವನಪ್ಪ ಮಾಡ್ತಿದ್ದ. ಪಿಳ್ಳಪ್ಪನೂ ಅದನ್ನೇ ಮಾಡಿದ. ನಾಲ್ಕು ಗೋಣಿ ಬಿಚ್ಚಿ ಹೊಲಿದು, ಬ್ಲೀಚಿಂಗ್ ನೀರಲ್ಲಿ ಒಗೆದು, ಮೆಶಿನ್ನಿನ ಸುತ್ತ ತಗಡಿನಿಂದ ಕೆಳಗಿನ ತನಕ ಇಳಿಬಿಟ್ಟ. ಎರಡು ಗಂಟೆಗೊಮ್ಮೆ ಏಣಿ ಹತ್ತಿ ನೀರು ಚಿಮುಕಿಸಿದ, ಮೆಶಿನ್ನು ಓಡದ ದಿನವೂ. ಅರವತ್ತರ ಹತ್ತಿರದ ಮುದುಕ, ಮೊಣಕಾಲು ನೋವು ಬೇರೆ, ದಿನಕ್ಕೆ ಆರು ಸಲ ಏಣಿ. ಮೋಟರು ಮತ್ತೆ ಒಂದು ದಿನವೂ ನಿಲ್ಲಲಿಲ್ಲ.

ಸಾಯಂಕಾಲ ಗೋಣಿ ಇಳಿಸಿ ಡೈರಿ ನಲ್ಲಿ ಕೆಳಗೆ ಒಗೆಯುತ್ತಿದ್ದ. ಕರೀ ನೀರು ಹರಿಯುತ್ತಿತ್ತು. ಡೈರಿ ಕಾರ್ಯದರ್ಶಿ ಆವಲಪ್ಪ ದಿನಾ ಬೈಯುತ್ತಿದ್ದ.

“ಲೇ ಪಿಳ್ಳ, ಹಾಲಿನ ಕ್ಯಾನು ಇಡೋ ಜಾಗ ಕಣೋ ಇದು. ಎಣ್ಣೆ ಬಾಂಡ್ಲಿ ತೊಳ್ದಂಗೆ ಮಾಡ್ತೀಯಲ್ಲ!”

“ಅದ್ಕೇನ್ ಮಾಡ್ಲಿ ಆವಲಪ್ಪ, ಗಾಳಿನೇ ಹಂಗೈತೆ. ನೋಡು ಎಷ್ಟು ಕರೀಗೈತೆ. ಬರ್ಲಿ ರಿಸಲ್ಟು, ಗೊತ್ತಾಗ್ತದೆ ಅವ್ರಿಗೆ.”

ಗೋಣಿಯಲ್ಲಿ ಮಸಿ ಕಂಡು ಖುಷಿಪಟ್ಟವನು ಅವನು. ಕಾಗದದಲ್ಲೂ ಇದೇ ಮಸಿ ಇನ್ನೊಂದಷ್ಟು ಇರುತ್ತೆ ಅನ್ನೋದು ಅವನ ಎಣಿಕೆ. ಬಲೆ ಕಟ್ಟಿ, ಗೋಣಿ ಕಟ್ಟಿ, ಏನೆಲ್ಲ ಕಟ್ಟಿದ ಹುಳದ ಮನೆಗೂ ಹೊಗೆ ನುಗ್ಗಿ ಅವನ ಹುಳ ಸತ್ತಿದ್ದವಲ್ಲ. ಹೊಗೆಯನ್ನು ಗೋಣಿ ತಡೆಯಲ್ಲ ಅಂತ ಅವನಿಗೆ ಐದು ವರ್ಷದ ನಷ್ಟ ಹೇಳಿಕೊಟ್ಟಿತ್ತು. ವಾಸನೆ ನುಗ್ಗುತ್ತೆ, ಮಸಿ ನಿಲ್ಲುತ್ತೆ, ಎರಡೂ ಬೇರೆ ಬೇರೆ ಅಂತ ಹೇಳೋಕೆ ಅಲ್ಲಿ ಯಾರೂ ಇರಲಿಲ್ಲ. ಕಾಗದ ಬೆಳ್ಳಗೆ ಬರ್ತಿರೋದು ಕಾಣಲಿಲ್ವಾ ಅಂತ ನೀವು ಕೇಳಬಹುದು. ಕಂಡಿತ್ತು. ಸೂಕ್ಷ್ಮ ಮೆಶಿನ್ನು, ಕಣ್ಣಿಗೆ ಕಾಣದ್ದೂ ಅದಕ್ಕೆ ಕಾಣುತ್ತೆ ಅಂತ ಸಂಘಮಿತ್ರಾನೇ ಹೇಳಿದ್ದಳು. ಅದನ್ನೇ ನಂಬಿದ.

ಇನ್ನು ನಾವು. ಆ ಮೂರು ತಿಂಗಳೂ ದಿನಾ ಎರಡು ಹೊತ್ತು ಅದೇ ಡೈರಿಗೆ ಹಾಲು ಹಾಕಿ ಬಂದವರು. ಒಬ್ಬನೂ ತಾರಸಿ ಹತ್ತಿ ನೋಡಲಿಲ್ಲ. ಮೆಶಿನ್ನಿಗೆ ಕಾರ್ಖಾನೆಯವರು ಏನಾದರೂ ಮಾಡಿಯಾರು ಅಂತ ಕೆಳಗೆ ಕಾವಲು ಕೂತಿದ್ದೆವು. ಮೇಲೆ ಏನು ನಡೀತಿದೆ ಅಂತ ತಲೆ ಎತ್ತಿ ನೋಡುವಷ್ಟು ಬುದ್ಧಿ ಇರಲಿಲ್ಲ.

ಮೇ ಎರಡನೇ ವಾರ ತಾಲ್ಲೂಕು ಕಚೇರಿಯಲ್ಲಿ ಸಭೆ. ಪಿಳ್ಳಪ್ಪ ಇಸ್ತ್ರಿ ಮಾಡಿದ ಬಿಳೀ ಶರ್ಟು ಹಾಕಿದ್ದ. ಸೊಣ್ಣಮ್ಮನೂ ಹೊರಟಳು. ಬೇಡ ಅಂದರೂ ಕೇಳದೆ, “ನಂ ಫಿಲ್ಟರ್ ಅದು, ನಾನೇ ಕಿವಿಯಾರೆ ಕೇಳ್ಬೇಕು” ಅಂದು ಬಸ್ಸು ಹತ್ತಿದಳು. ಕಚೇರಿಯ ಮೆಟ್ಟಿಲಲ್ಲಿ ಎರಡು ಕಡೆ ಕೂತು ಪಂಪು ಎಳೆದುಕೊಂಡಳು.

ಕಾರ್ಖಾನೆ ಕಡೆಯಿಂದ ಮ್ಯಾನೇಜರ್ ಭಾನುಪ್ರಕಾಶ್ ಬಂದಿದ್ದ. ಪಾಪ, ಅವನ ಮುಖವೂ ಸಪ್ಪಗಿತ್ತು. ದುಪ್ಪಟ್ಟು ಶುಲ್ಕಕ್ಕೆ ಸಿದ್ಧನಾಗಿಯೇ ಬಂದಿದ್ದ ಅಂತ ಕಾಣುತ್ತೆ.

ಅಧಿಕಾರಿ ವರದಿ ಓದಿದರು. “ಗೌಡನಕಟ್ಟೆ ಗ್ರಾಮ. ಫೆಬ್ರವರಿ ಆರಂಭದಲ್ಲಿ ನೂರ ಮೂವತ್ತೆಂಟು. ಏಪ್ರಿಲ್ ಅಂತ್ಯಕ್ಕೆ ಐವತ್ತೆರಡು. ಸರಾಸರಿ ಎಂಬತ್ತೊಂದು. ತೃಪ್ತಿಕರ.” ಕನ್ನಡಕ ತೆಗೆದು ನಕ್ಕರು. “ಶುಲ್ಕ ಹಾಕಿದ ಮೂರೇ ತಿಂಗಳಲ್ಲಿ ಗಾಳಿ ಇಷ್ಟು ಸುಧಾರಿಸಿದ ಊರು ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಯೋಜನೆ ಫಲ ಕೊಟ್ಟಿದೆ ಅನ್ನೋದಕ್ಕೆ ಇದೇ ಸಾಕ್ಷಿ.”

ಯಾರೋ ಚಪ್ಪಾಳೆ ತಟ್ಟಿದರು. ಭಾನುಪ್ರಕಾಶ್ ಎರಡು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಎದ್ದು ನಿಂತು, “ಶುಲ್ಕ ಬಂದ ಮೇಲೆ ನಾವೂ ಬಹಳ ಜಾಗ್ರತೆ ವಹಿಸಿದೀವಿ ಸಾರ್” ಅಂದ. ಏನೂ ವಹಿಸಿರಲಿಲ್ಲ ಅಂತ ಅವನಿಗೆ ಗೊತ್ತು, ನಮಗೆ ಗೊತ್ತು.

“ಐವತ್ತೆರಡಾ? ಮಾಕಳಿದುರ್ಗದ ಬೆಟ್ಟದ ಮೇಲೂ ಅಷ್ಟು ಚೆಂದ ಇರಾಕಿಲ್ಲ ಗುರು” ಅಂದ ನಮ್ಮ ಪೈಕಿ ಕೆಂಪರಾಜ. ಅಂದು ಪಿಳ್ಳಪ್ಪನ ಕಡೆ ತಿರುಗಿದ. “ಏನಪ್ಪಾ ಪಿಳ್ಳಣ್ಣ, ಎಷ್ಟಕ್ಕೆ ಮಾರಿದೆ?”

ಪಿಳ್ಳಪ್ಪನಿಗೆ ಮಾತು ಅರ್ಥ ಆಗೋಕೆ ಹೊತ್ತು ಹಿಡಿಯಿತು. ಅಷ್ಟರಲ್ಲಿ ಸೊಣ್ಣಮ್ಮ ಎದ್ದು ನಿಂತಳು. “ಯಾರ್ಲಾ ಅವ್ನು ಮಾರ್ದ ಅಂದೋನು? ಬಾ ಇಲ್ಲಿ, ನನ್ನ ಮುಂದೆ ಅನ್ನು” ಅಂತ ಜೋರು ಮಾಡಿದಳು. ಅಷ್ಟಕ್ಕೇ ಉಸಿರು ಸಿಕ್ಕಿಕೊಂಡಿತು. ತೃಪ್ತಿಕರ ಗಾಳಿಯ ಊರಿನ ಹೆಂಗಸು ಸಭೆಯ ನಡುವೆ ಬಾಯಿ ಬಿಟ್ಟುಕೊಂಡು ಉಸಿರಿಗೆ ಒದ್ದಾಡುತ್ತಿದ್ದಳು. ಅಧಿಕಾರಿ ಗಾಬರಿಯಿಂದ, “ಯಾರಾದ್ರೂ ಆಚೆ ಕರ್ಕೊಂಡೋಗಿ, ಗಾಳಿ ಆಡ್ಲಿ” ಅಂದರು.

ಮಾರನೇ ದಿನದಿಂದ ಊರು ಪಿಳ್ಳಪ್ಪನನ್ನು ಬಿಡಲಿಲ್ಲ. ಡೈರಿಯಲ್ಲಿ ಅವನು ಬಂದರೆ ಸಾಲು ಸುಮ್ಮನಾಗೋದು. ನಲ್ಲಿ ಹತ್ತಿರ ಪಾಪಮ್ಮ ಅನ್ನೋಳು, “ಹೊಗೆ ಕುಡ್ದು ಸಾಯೋಳು ಹೆಂಡ್ತಿ, ಹೊಗೆ ಸಂಬಳ ತಿನ್ನೋನು ಗಂಡ” ಅಂದಳು. ನಿಜ ಹೇಳಬೇಕಂದರೆ ನಮಗೂ ಅನುಮಾನ ಇತ್ತು. ಮಾರಿಕೊಂಡಿದ್ದರೆ ಒಳ್ಳೆಯದು ಅನ್ನೋ ಆಸೆ ಕೂಡ ಇತ್ತು. ಲಂಚ ಅಂದರೆ ನಮಗೆ ಗೊತ್ತಿರೋ ಶತ್ರು. ಅದಕ್ಕೆ ಘೋಷಣೆ ಇದೆ, ಪ್ರತಿಕೃತಿ ಸುಡೋದಿದೆ, ಧರಣಿ ಇದೆ.

ಸಂಘಮಿತ್ರಳಿಗೆ ಫೋನು ಮಾಡಿದೆವು. ಅವಳು ರಜೆ ಹಾಕಿ, ತನ್ನ ಸ್ಕೂಟರಿನಲ್ಲಿ ಬಂದಳು. ಸರ್ಕಾರದ ಜೀಪು ಬರಲಿಲ್ಲ, ಹುಡುಗಿ ಬಂದಳು, ಅಷ್ಟು ಹೇಳಲೇಬೇಕು. ಮೆಶಿನ್ನು ಇನ್ನೂ ತಾರಸಿ ಮೇಲೇ ಇತ್ತು, ಮುಂದಿನ ವಾರ ಸಾಗಿಸೋದಿತ್ತು. ಅಳೆಯೋದು ಮುಗಿದಿದ್ದರೂ ಪಿಳ್ಳಪ್ಪ ನೀರು ಚಿಮುಕಿಸೋದು ಬಿಟ್ಟಿರಲಿಲ್ಲ. ನಾವು ನಾಲ್ಕು ಜನ ಅವಳ ಹಿಂದೆ ಏಣಿ ಹತ್ತಿದೆವು.

ಅವಳು ಮೆಶಿನ್ನಿನ ಮುಂದೆ ನಿಂತುಬಿಟ್ಟಳು. ಒದ್ದೆ ಗೋಣಿ ನಾಲ್ಕೂ ಕಡೆ ಇಳಿಬಿಟ್ಟು, ಅಂಚಿಗೆ ದಬ್ಬಳದಲ್ಲಿ ಹೊಲಿಗೆ ಹಾಕಿ, ಮದುವೆ ಹಂದರದಷ್ಟು ಅಚ್ಚುಕಟ್ಟು.

“ಯಾರು ಕಟ್ಟಿದ್ದು ಇದನ್ನ?”

“ನಾನೇ ಕಣಮ್ಮಣ್ಣಿ” ಅಂದ ಪಿಳ್ಳಪ್ಪ. ಅವನ ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಇತ್ತು. “ಬಿಸ್ಲಿಗೆ ಮೋಟ್ರು ಕಾಯ್ತಿತ್ತು. ಇದು ಕಟ್ಟಿದ್ ಮ್ಯಾಲೆ ಒಂದಿನಾನೂ ನಿಲ್ಲಿಲ್ಲ ನೋಡು.”

“ಯಾವಾಗಿಂದ?”

“ಮಾರ್ಚಿ ಮೊದಲ್ನೇ ವಾರ್ದಿಂದ.”

ಅವಳು ಗೋಣಿಯ ಒಂದು ಮೂಲೆ ಹಿಡಿದು ಹಿಂಡಿದಳು. ಕರೀ ನೀರು ಅವಳ ಮೊಣಕೈ ತನಕ ಇಳಿಯಿತು. ಅವಳು ಕೈ ಒರೆಸಿಕೊಳ್ಳಲಿಲ್ಲ. “ಯಜಮಾನ್ರೇ, ನಮ್ಮ ಪೇಪರ್‌ಗೆ ಬರ್ಬೇಕಾದ್ದೆಲ್ಲ ಇದರಲ್ಲಿದೆ” ಅಂದಳು.

ಪಿಳ್ಳಪ್ಪ ಗೋಣಿ ನೋಡಿದ. ಕೆಳಗೆ ಡೈರಿ ನಲ್ಲಿ ಕಡೆ ನೋಡಿದ, ಅಲ್ಲಿ ಎರಡು ತಿಂಗಳು ಹರಿದ ನೀರಿನ ಕರೀ ಗೆರೆ ಸಿಮೆಂಟಿನ ಮೇಲೆ ಇನ್ನೂ ಇತ್ತು. ಆಮೇಲೆ ತಾರಸಿ ಮೇಲೆ ಕುಕ್ಕರುಗಾಲಲ್ಲಿ ಕೂತ. ಸುಡೋ ತಾರಸಿ, ಆದರೂ ಕೂತ. ಅವನನ್ನು ಬೈಯೋಕೆ ನಮ್ಮ ಹತ್ತಿರ ಒಂದು ಪದವೂ ಇರಲಿಲ್ಲ. ಒದ್ದೆ ಗೋಣಿಯ ವಿರುದ್ಧ ಯಾವ ಘೋಷಣೆ ಕೂಗೋದು?

“ಮತ್ತೆ ಅಳೀಬೋದಲ್ವಾ ಮೇಡಂ?” ಅಂತ ನಾನೇ ಕೇಳಿದೆ.

“ಅರ್ಜಿ ಕೊಡಿ. ನಾನೂ ಬರ್ದು ಕೊಡ್ತೀನಿ” ಅಂದಳು. ಅಷ್ಟು ಹೇಳಿ ತಾರಸಿಯ ಅಂಚಿಗೆ ಹೋಗಿ, ಬಹಳ ಹೊತ್ತು ಚಿಮಣಿ ನೋಡುತ್ತಾ ನಿಂತಳು.

ಗೋಣಿಯನ್ನು ಒಗೆಯದೆ ಹಾಗೇ ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಅಧಿಕಾರಿಯ ಮುಂದೆ ಹೋದೆವು. ಅವರು ಕೆಟ್ಟ ಮನುಷ್ಯ ಅಲ್ಲ. ಕೂರಿಸಿ ಕಾಫಿ ತರಿಸಿದರು. ಮೇಜಿನ ಮೇಲೆ ಗೋಣಿ ಇಡೋಕೆ ಹೋದಾಗ ಮಾತ್ರ ಫೈಲುಗಳನ್ನು ಪಕ್ಕಕ್ಕೆಳೆದುಕೊಂಡರು.

“ಅಲ್ರೀ, ಗೋಣಿಚೀಲ ನಂಬ್ಕೊಂಡು ಸರ್ಕಾರದ ವರದಿ ವಾಪಸ್ ತಗೊಳ್ಳೋಕಾಗುತ್ತಾ? ಕಾಗದ ತೂಕ ಹಾಕೋದಕ್ಕೆ ನಿಯಮ ಇದೆ, ಗೋಣಿ ತೂಕ ಹಾಕೋದಕ್ಕೆ ಎಲ್ಲಿದೆ?”

“ಇನ್ನೊಂದ್ಸಲ ಅಳೀರಿ ಸಾರ್, ಅಷ್ಟೇ ಕೇಳೋದು.”

“ಅಳೆಯೋಕೆ ದುಡ್ಡು ಎಲ್ಲಿಂದ ಬರ್ಬೇಕು? ನಿಧಿಯಿಂದ. ನಿಧಿ ದುಡ್ಡು ಯಾವ ಊರಿಗೆ? ಗಾಳಿ ಕೆಟ್ಟಿರೋ ಊರಿಗೆ. ನಿಮ್ಮೂರು ತೃಪ್ತಿಕರ ಪಟ್ಟಿಲಿದೆ.”

“ಆ ಪಟ್ಟಿನೇ ತಪ್ಪು ಅಂತ ತೋರ್ಸೋಕೆ ಅಳೀಬೇಕು ಸಾರ್.”

“ಅದೇ ನಾನೂ ಹೇಳ್ತಿರೋದು. ಪಟ್ಟಿ ಬದಲಾದ್ರೆ ಅಳೀಬೋದು.”

ನಲವತ್ತು ವರ್ಷದಲ್ಲಿ ನಾವು ಲಾಠಿ ಕಂಡಿದ್ದೇವೆ, ಜೈಲು ಕಂಡಿದ್ದೇವೆ. ಇಷ್ಟು ಗುಂಡಗಿರೋ ಗೋಡೆ ಕಂಡಿರಲಿಲ್ಲ. ಎಲ್ಲಿ ತಳ್ಳಿದರೂ ಜಾರುತ್ತೆ. ಶುಲ್ಕದ ಯೋಜನೆ ಗೆದ್ದಿದೆ ಅಂತ ಅವರು ಮೇಲಕ್ಕೆ ಬರೆದಾಗಿತ್ತು. ಗೆದ್ದಿದ್ದನ್ನು ತಾವೇ ಸೋತಿದೆ ಅಂತ ಯಾರು ಬರೆದಾರು?

ಕೊನೆಗೆ ಅಧಿಕಾರಿ ದನಿ ತಗ್ಗಿಸಿದರು. “ಇನ್ನೊಂದು ದಾರಿ ಇದೆ. ಯಂತ್ರವನ್ನ ಕೆಡಿಸಿದ್ದು ತಾನೇ ಅಂತ ಆ ಯಜಮಾನ್ರು ಬರ್ದು ಕೊಟ್ರೆ ಮೇಲಕ್ಕೆ ಕಳಿಸ್ಬೋದು. ಆದ್ರೆ ಅವರ ಮೇಲೇ ಕೇಸ್ ಆಗ್ಬೋದು, ನೋಡ್ಕೊಳ್ಳಿ.”

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಬೇಡ ಅಂತ ನಾವು ಹೇಳೋಕೆ ಮುಂಚೆ ಪಿಳ್ಳಪ್ಪ ಪೆನ್ನು ಕೇಳಿದ.

“ಪಿಳ್ಳಪ್ಪ, ಯೋಚ್ನೆ ಮಾಡು.”

“ಏನ್ ಯೋಚ್ನೆ ಮಾಡದಣ್ಣ? ಮಾಡಿದ್ದು ನಾನೇ ತಾನೆ? ಕೇಸಾದ್ರೆ ಆಗ್ಲಿ. ಫಿಲ್ಟರ್ ಬರ್ಲಿ.”

ಏಳನೇ ಕ್ಲಾಸಿನ ಅಕ್ಷರ, ದುಂಡಗೆ, ಒಂದೂ ಚಿತ್ತಿಲ್ಲದೆ ಬರೆದ. ‘ಬಿಸಿಲಿಗೆ ಮೋಟರು ನಿಲ್ಲುತ್ತಿದ್ದ ಕಾರಣ ನಾನು ಒದ್ದೆ ಗೋಣಿ ಕಟ್ಟಿರುತ್ತೇನೆ. ಗಾಳಿ ಚೆನ್ನಾಗಿಲ್ಲ. ನನ್ನ ಹೆಂಡತಿಗೆ ದಮ್ಮು ಇರುತ್ತದೆ.’ ಸಹಿ ಹಾಕೋ ಮುಂಚೆ ಕೈ ಪಂಚೆಗೆ ಒರೆಸಿಕೊಂಡ.

ಉತ್ತರ ಬಂದಿದ್ದು ಆಗಸ್ಟಿನಲ್ಲಿ. ಕೇಸು ಹಾಕಲಿಲ್ಲ, ವಯಸ್ಸಾದವರು ಅಂತ ಮಾಫಿ. ಅವರ ಕೃತ್ಯ ಗಮನಕ್ಕೆ ಬಂದಿದೆ, ಇನ್ನು ಮುಂದೆ ಯಾವ ಮಾಪನ ಕೆಲಸಕ್ಕೂ ಅವರನ್ನು ತೆಗೆದುಕೊಳ್ಳಬಾರದು. ವರದಿ ಅಂತಿಮ. ಯಂತ್ರವನ್ನು ಬೇರೆ ತಾಲ್ಲೂಕಿಗೆ ಕೊಟ್ಟಾಗಿದೆ. ಮುಂದಿನ ಅಳತೆ ಮೂರು ವರ್ಷದ ಮೇಲೆ, ಸರದಿ ಬಂದಾಗ. ಕೆಳಗೆ ಒಂದು ಸಾಲು: ಸಂಬಂಧಪಟ್ಟ ಕೈಗಾರಿಕೆಗೆ ನಿಯಮಾನುಸಾರ ಶುಲ್ಕ ರಿಯಾಯಿತಿ ನೀಡಲಾಗಿದೆ.

ಕಾಗದ ಹಿಡಿದು ಕಾರ್ಖಾನೆ ಗೇಟಿಗೆ ಹೋದೆವು. ಶಾಮಿಯಾನ ಹಾಕಲಿಲ್ಲ, ಜನ ಬರಲಿಲ್ಲ. ತೃಪ್ತಿಕರ ಊರಿನವರಿಗೆ ಧರಣಿ ಕೂರೋಕೆ ಪೊಲೀಸರು ಅನುಮತಿ ಕೊಡುತ್ತಾರಾ? ಭಾನುಪ್ರಕಾಶ್ ಆಚೆ ಬಂದು ಮಾತಾಡಿದ. “ನೋಡಿ ಸಾರ್, ನಾನೂ ಸಂಬಳಕ್ಕಿರೋನು. ಫಿಲ್ಟರ್ ಹಾಕ್ಸೋಣ ಅಂತ ನಾನೇ ಎರಡು ಸಲ ಬರ್ದಿದ್ದೆ. ಈಗ ಮಾಲೀಕ್ರು ಹೇಳ್ತಾರೆ, ಗಾಳಿ ಚೆನ್ನಾಗಿದೆ ಅಂತ ಸರ್ಕಾರನೇ ಹೇಳಿದೆ, ಶುಲ್ಕನೂ ಕಟ್ತಿದೀವಿ, ಇನ್ನೇನು ಬೇಕು ಅಂತ.” ಅವನ ಹಿಂದೆ ಚಿಮಣಿ ಹೊಗೆ ಉಗುಳುತ್ತಿತ್ತು. ಹಿಂದೆ ಕದ್ದು ಉಗುಳುತ್ತಿತ್ತು, ಬೆಳಗಿನ ಜಾವಕ್ಕೆ. ಈಗ ಶುಲ್ಕ ಕಟ್ಟಿದ ಹೊಗೆ. ಹಾಡಹಗಲೇ.

ಪಿಳ್ಳಪ್ಪ ಆ ಸಲದ ಬೆಳೆಗೆ ಹುಳ ತರಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ. ಎಲೆ ಒರೆಸೋಕೆ ಸೊಣ್ಣಮ್ಮನ ಕೈಲಿ ಆಗದು, ಒರೆಸು ಅನ್ನೋಕೆ ಅವನಿಗೆ ಬಾಯಿಲ್ಲ. ಹುಳದ ಮನೆ ತೊಳೆದು, ಹುಳ ಗೂಡು ಕಟ್ಟೋ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಹಾಕಿ ಒಳಗಿಟ್ಟು, ಬಾಗಿಲು ಮುಚ್ಚಿದ. ಸುಣ್ಣದ ಪುಡಿ ಮಾತ್ರ ಬಾಗಿಲಲ್ಲಿ ಈಗಲೂ ಹರಡುತ್ತಾನೆ.

ಊರವರು ಈಗ ಅವನನ್ನು ಬೈಯುವುದಿಲ್ಲ. ಅದೇ ಅವನಿಗೆ ಕಷ್ಟ ಅಂತ ನನಗನ್ನಿಸುತ್ತೆ. ಕೆಂಪರಾಜ ಒಂದು ದಿನ ಹೋಗಿ, “ತಪ್ಪಾಯ್ತು ಪಿಳ್ಳಣ್ಣ, ಮಾರ್ದೆ ಅಂದ್ಬಿಟ್ಟೆ” ಅಂದನಂತೆ. “ಮಾರಿದ್ರೆ ನಾಲ್ಕು ಕಾಸಾದ್ರೂ ಬರ್ತಿತ್ತು, ಅವ್ಳ ಔಷಧಿಗೆ ಆಗ್ತಿತ್ತು ಕಣೋ” ಅಂದನಂತೆ ಪಿಳ್ಳಪ್ಪ. ಕೆಂಪರಾಜ ನಗೋಣ ಅಂತ ಮುಖ ನೋಡಿದನಂತೆ. ಆ ಮುಖದಲ್ಲಿ ನಗು ಇರಲಿಲ್ಲವಂತೆ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಸಾಯಂಕಾಲ ಐದೂವರೆ. ಸೊಣ್ಣಮ್ಮ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕಿಟಕಿಗೆ ಅದೇ ಗೋಣಿ ಇಳಿಬಿದ್ದಿತ್ತು. ಅದೇ ದಬ್ಬಳದ ಹೊಲಿಗೆ. ಎರಡು ಗಂಟೆಗೊಮ್ಮೆ ನೀರು ಚಿಮುಕಿಸುತ್ತಾನಂತೆ. ಅದು ಕಟ್ಟಿದ ಮೇಲೆ ಹಗಲು ಹೊತ್ತು ಒಂದಿಷ್ಟು ಉಸಿರಾಡುತ್ತಾಳೆ. ಕೋಣೆ ಬಿಟ್ಟು ಆಚೆ ಬಂದರೆ ಮತ್ತೆ ಹಗ್ಗ ಎಳೆದ ಹಾಗೆ. ಹಾಗಾಗಿ ಬರುವುದಿಲ್ಲ. ಹೊಲ, ಬೀದಿ, ನಲ್ಲಿ, ಎಲ್ಲ ಬಿಟ್ಟು ಹತ್ತಡಿ ಕೋಣೆಯಲ್ಲಿ ಕೂತಿದ್ದಾಳೆ.

“ಬಾರಣ್ಣ, ಕಾಲು ತೊಳ್ಕೊಂಡ್ ಬಾ” ಅಂದಳು. “ಇಲ್ಲಾಂದ್ರೆ ನಮ್ಮ ಆಸ್ಪತ್ರೆಯೋನು ಆಚೆ ನೂಕ್ತಾನೆ.”

ತೊಳೆದುಕೊಂಡು ಬಂದು ಕೂತೆ. ಮಾತಿಗೇನೂ ಹೊಳೆಯದೆ, ಮೂರು ವರ್ಷ ಆದ ಮೇಲೆ ಮತ್ತೆ ಅಳೀತಾರಂತೆ ಅಂದೆ. ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಆಮೇಲೆ ಬೆರಳು ಬಿಚ್ಚಿದಳು.

ಪಿಳ್ಳಪ್ಪ ಬಂದು ಗೋಣಿ ಇಳಿಸಿದ. ಬಚ್ಚಲ ಹತ್ತಿರ ಬಕೆಟ್ಟಿನಲ್ಲಿ ಅದ್ದಿ ಅದ್ದಿ ಹಿಂಡಿದ. ನೀರು ಸುರಿಯೋ ಸದ್ದು ಒಳಗೆ ಕೇಳುತ್ತಿತ್ತು.

“ಇವತ್ತು ಹೆಂಗೈತೆ?” ಅಂತ ಸೊಣ್ಣಮ್ಮ ಮಂಚದಿಂದಲೇ ಕೂಗಿ ಕೇಳಿದಳು.

ಅವನು ಬಕೆಟ್ಟಿನ ಕರೀ ನೀರನ್ನು ಬಗ್ಗಿ ನೋಡಿದ.

“ನಿನ್ನೆಗಿಂತ ಒಂಚೂರು ಜಾಸ್ತಿ” ಅಂದ.

ಬಕೆಟ್ಟು ಎತ್ತಿಕೊಂಡು ಹೋಗಿ ಬೀದಿಯ ಚರಂಡಿಗೆ ಸುರಿದು ಬಂದ. ತೋಟದ ಕಡೆಗೆ ಸುರಿಯಲಿಲ್ಲ. ಗೋಣಿಯನ್ನು ಇನ್ನೊಂದು ಸಲ ಬ್ಲೀಚಿಂಗ್ ನೀರಲ್ಲಿ ಅದ್ದಿ, ತಂದು ಕಿಟಕಿಗೆ ಕಟ್ಟಿದ. ಗಂಟು ಬಿಗಿಯಾಗಿದೆಯಾ ಅಂತ ಎರಡೆರಡು ಸಲ ಎಳೆದು ನೋಡಿದ.